ಬ್ಯಾಗ್ ಬಿಡಿ, ಬನ್ನಿ

ವಿಮಾನದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ಎದ್ದು ಕಿರುಚಾಡ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ಓಡ್ತಾರೆ ಅಂತಾನೇ ನಾವೆಲ್ಲ ಅಂದ್ಕೊಂಡಿರೋದು, ಸಿನಿಮಾ ನೋಡಿ ನೋಡಿ ತಲೇಲಿ ಕೂತಿರೋ ಚಿತ್ರ ಅದು. ನನ್ನ ಅಕ್ಕನ ಮಗಳು ಹೇಳೋದೇ ಬೇರೆ. "ಮಾಮ, ಕಿರುಚೋರು ಎಷ್ಟೋ ವಾಸಿ, ಏನೋ ಆಗಿದೆ ಅಂತಾದ್ರೂ ಅವರಿಗೆ ಗೊತ್ತಾಗಿರತ್ತೆ. ನಮಗೆ ಕಷ್ಟ ಆಗೋದು ಸುಮ್ನೆ ಕೂತಿರೋರಿಂದ. ಏಳಿ, ಬೆಲ್ಟ್ ಬಿಚ್ಚಿ ಅಂತ ಕಿವಿ ಹತ್ರ ಹೋಗಿ ಕೂಗಿದ್ರೂ ಮುಖ ನೋಡ್ಕೊಂಡು ಕೂತಿರ್ತಾರೆ." ಅವಳು ಕ್ಯಾಬಿನ್ ಕ್ರೂ. ಬೆಂಗಳೂರು ಬೇಸ್. ಟ್ರೈನಿಂಗ್‌ನಲ್ಲಿ ಇವರಿಗೆ ಮೊದಲು ತಲೆಗೆ ತುಂಬೋ ವಿಷಯಗಳಲ್ಲಿ ಇದೂ ಒಂದಂತೆ, ಗಾಬರಿ ಆದ ಮನುಷ್ಯ ಓಡಲ್ಲ, ಗರ ಬಡಿದವನ ಥರ ಕಲ್ಲಾಗಿ ಕೂತುಬಿಡ್ತಾನೆ, ಆ ಕಲ್ಲನ್ನ ಎಬ್ಬಿಸೋದು ನಿಮ್ಮ ಗಂಟಲಿಂದ ಆಗಬೇಕು ಅಂತ.

ನಮ್ಮ ಮನೆ ಕಡೆ ಅವಳ ಕೆಲಸಕ್ಕೆ ಇರೋ ಮರ್ಯಾದೆ ಅಷ್ಟಕ್ಕಷ್ಟೆ. ವಿದ್ಯಾರಣ್ಯಪುರದಲ್ಲಿ ಅಕ್ಕನ ಮನೆ, ರಾತ್ರಿ ಎರಡೂವರೆ ಮೂರಕ್ಕೆಲ್ಲ ಪಿಕಪ್ ಕ್ಯಾಬ್ ಬರತ್ತೆ, ಆ ಬೀದಿ ನಾಯಿಗಳೂ ಆ ಕ್ಯಾಬ್‌ಗೆ ಬೊಗಳೋದು ಬಿಟ್ಟಿವೆ ಆದ್ರೆ ಎದುರುಮನೆಯವರು ಮಾತ್ರ ಇವತ್ತಿಗೂ ಕರ್ಟನ್ ಸರಿಸಿ ನೋಡ್ತಾರೆ. ಹಿರಿಯರೊಬ್ಬರು ಅವಳ ಎದುರಿಗೇ "ಬಿಇ ಓದಿ ಏರೋಪ್ಲೇನಲ್ಲಿ ಬಡಿಸೋ ಕೆಲಸ ಹಿಡಿದ್ಯಲ್ಲಮ್ಮ" ಅಂದಿದ್ರು. ಅವಳು ನಕ್ಕು ಸುಮ್ಮನಾದ್ಲು. ನಾನು ಆ ಹೊತ್ತಲ್ಲಿ ಏನೂ ಹೇಳ್ಲಿಲ್ಲ, ಈಗ ಹೇಳ್ತೀನಿ. ಬಡಿಸೋದಕ್ಕೆ ಅಂತ ವಿಮಾನದಲ್ಲಿ ಕ್ರೂ ಇರಲೇಬೇಕು ಅಂತ ಯಾವ ಕಾನೂನೂ ಹೇಳಲ್ಲ. ಕಾನೂನು ಹೇಳೋದು 50 ಸೀಟಿಗೆ ಕಡೇಪಕ್ಷ ಒಬ್ಬರು ಕ್ಯಾಬಿನ್ ಕ್ರೂ ಇರಬೇಕು ಅಂತ, ಅದೂ ಬಾಗಿಲು ತೆಗೆಯೋಕೆ, ಬೆಂಕಿ ಆರಿಸೋಕೆ, ಜನರನ್ನ ಹೊರಗೆ ಹಾಕೋಕೆ. ನಮ್ಮೂರಿಂದ ದಿನಾ ಹಾರೋ 180 ಸೀಟಿನ ವಿಮಾನಕ್ಕೆ ನಾಲ್ಕು ಜನ ಬಂದಿರೋದು ಈ ಲೆಕ್ಕದಿಂದ. ಒಂದು ತೊಟ್ಟು ಕಾಫಿ ಕೊಡದ ಏರ್‌ಲೈನ್ ಬೇಕಾದ್ರೆ ನಡೆಸಬಹುದು, ಆ ನಾಲ್ವರು ಇಲ್ದೆ ವಿಮಾನ ಹಾರಿಸೋ ಹಾಗಿಲ್ಲ.

ಟ್ರೈನಿಂಗ್ ಬಗ್ಗೆ ಕೇಳಿದ್ರೆ ಅವಳು ಮೊದಲು ಹೇಳೋದು ಗಂಟಲು ಕಟ್ಟಿಹೋದ ಕಥೆ. ಲಿಪ್‌ಸ್ಟಿಕ್ ಶೇಡು, ಕೂದಲ ಬನ್ನು, ನಗೋ ರೀತಿ, ಎಲ್ಲಾ ಹೇಳಿಕೊಡ್ತಾರೆ, ಆದ್ರೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಕೂಗೋದನ್ನ ಹೇಳಿಕೊಡ್ತಾರಂತೆ. ವಿಮಾನದ ತುಂಡು ಒಂದನ್ನ ಹಾಲ್ ಒಳಗೆ ನಿಲ್ಲಿಸಿರ್ತಾರೆ, ನಿಜವಾದ ಬಾಗಿಲು, ನಿಜವಾದ ಸ್ಲೈಡು, ಒಳಗೆ ಹೊಗೆ ಬಿಡ್ತಾರೆ, ಲೈಟ್ ಆರಿಸ್ತಾರೆ, ಆಮೇಲೆ ಕೂಗು ಅಂತಾರೆ. ಮಧ್ಯಮ ವರ್ಗದ ಮನೇಲಿ "ಮೆಲ್ಲಗೆ ಮಾತಾಡೇ" ಅಂತ ಬೈಸ್ಕೊಂಡು ಬೆಳೆದ ಹುಡುಗೀರು, ಮೊದಲ ದಿನ ಯಾರ ಬಾಯಿಂದಾನೂ ಸ್ವರಾನೇ ಬರ್ಲಿಲ್ವಂತೆ. ಇನ್‌ಸ್ಟ್ರಕ್ಟರ್ ಹಾಲ್‌ನ ಆ ತುದಿಲಿ ನಿಂತು ಕೇಳಿಸ್ತಿಲ್ಲ, ಮತ್ತೆ, ಕೇಳಿಸ್ತಿಲ್ಲ, ಮತ್ತೆ. ಸೀಟ್ ಬೆಲ್ಟ್ ಬಿಚ್ಚಿ, ಎಲ್ಲಾ ಬಿಟ್ಟು ಬನ್ನಿ, ಈ ಕಡೆ ಬನ್ನಿ, ಹಾರಿ ಜಾರಿ. ಇದರಲ್ಲಿ ಎಲ್ಲೂ ಪ್ಲೀಸ್ ಇಲ್ಲ, ಸರ್ ಇಲ್ಲ, ಮೇಡಂ ಇಲ್ಲ. ಹಾಗೆ ಬೇಕಂತಲೇ ಇಟ್ಟಿದಾರೆ, ಒಂದೊಂದು ಪದಕ್ಕೂ ಅಲ್ಲಿ ಟೈಮ್ ಬೆಲೆ ಇದೆ. ಹೊಸ ಮಾಡೆಲ್ ವಿಮಾನಕ್ಕೆ ಲೈಸೆನ್ಸ್ ಕೊಡೋ ಮುಂಚೆ ತುಂಬಿದ ವಿಮಾನದಲ್ಲಿ ಇರೋ ಬಾಗಿಲುಗಳಲ್ಲಿ ಅರ್ಧದಷ್ಟನ್ನ ಮಾತ್ರ ತೆಗೆದು, ಕತ್ತಲಲ್ಲಿ, 90 ಸೆಕೆಂಡಿನೊಳಗೆ ಎಲ್ಲರೂ ಆಚೆ ಬರಬಹುದು ಅಂತ ತೋರಿಸಬೇಕು. ಆ ದೊಡ್ಡ ಡಬಲ್ ಡೆಕರ್ ಎ380 ಇದ್ಯಲ್ಲ, ಅದಕ್ಕೆ 2006ರಲ್ಲಿ ಹ್ಯಾಂಬರ್ಗ್‌ನಲ್ಲಿ ಟೆಸ್ಟ್ ಮಾಡಿದಾಗ 873 ಜನ 78 ಸೆಕೆಂಡಲ್ಲಿ ಹೊರಗೆ ಬಂದ್ರು. ಅವರೆಲ್ಲ ಟೆಸ್ಟ್ ಅಂತ ಗೊತ್ತಿದ್ದು ಬಂದೋರು, ಕೈಲಿ ಟ್ರಾಲಿ ಬ್ಯಾಗ್ ಇರ್ಲಿಲ್ಲ, ಮಗು ಹುಡುಕೋ ಅಮ್ಮ ಇರ್ಲಿಲ್ಲ.

ಈಗ ಅವಳ ಬೆಂಕಿ ಕಥೆ. ಯಾವ ಏರ್‌ಲೈನ್ ಅಂತ ಹೇಳಲ್ಲ, ಕೇಳ್ಬೇಡಿ.

ಬೆಂಗಳೂರಿಂದ ದೆಹಲಿಗೆ ಸಂಜೆ ಫ್ಲೈಟು, ಮಳೆಗಾಲ, ಪೂರ್ತಿ ಫುಲ್. ಊಟದ ಕಾರ್ಟ್ ಮಧ್ಯದ ಸಾಲುಗಳ ಹತ್ರ ಇತ್ತು. ಅವಳಿಗೆ ಮೊದಲು ಬಂದಿದ್ದು ವಾಸನೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಅಲ್ಲ, ಒಂಥರಾ ಸಿಹಿ, ನೇಲ್ ಪಾಲಿಶ್ ಬಾಟಲಿ ಮುಚ್ಚಳ ತೆಗೆದ ಹಾಗೆ. ಯಾರೋ ನಿಜವಾಗಲೂ ನೇಲ್ ಪಾಲಿಶ್ ಹಾಕ್ಕೊಳ್ತಿದಾರೆ ಅಂತ ಪಕ್ಕದ ಸಾಲು ನೋಡಿದ್ಲಂತೆ, ಅಷ್ಟರಲ್ಲಿ ಮೇಲಿನ ಲಗೇಜ್ ಬಿನ್ ಮುಚ್ಚಳದ ಸಂದಿಂದ ಬೂದು ಬಣ್ಣದ ಹೊಗೆ ಎಳೆ ಎಳೆಯಾಗಿ ಬರೋದು ಕಾಣಿಸ್ತು. ಅದರ ಕೆಳಗೆ ಕೂತಿದ್ದೋರು ಇಯರ್‌ಫೋನ್ ಹಾಕ್ಕೊಂಡು ವೆಬ್ ಸೀರೀಸ್ ನೋಡ್ತಿದ್ರು. ತಲೆ ಮೇಲೆ ಒಂದು ಗೇಣು ದೂರದಲ್ಲಿ ಬೆಂಕಿ, ಕೆಳಗೆ ಸ್ಕ್ರೀನಲ್ಲಿ ಯಾರದೋ ಮದುವೆ.

ಮೊದಲ ಕೆಲಸ ಬೆಂಕಿ ಆರಿಸೋದಲ್ಲ, ಕಾರ್ಟ್ ತೆಗೆಯೋದು. ಇದು ನನಗೆ ಹೊಳೆದೇ ಇರ್ಲಿಲ್ಲ. ನಡುದಾರಿಲಿ ಅಷ್ಟು ಭಾರದ ಗಾಡಿ ನಿಂತಿದ್ರೆ ಹಿಂದಿನಿಂದ ಬೆಂಕಿ ಆರಿಸೋ ಸಿಲಿಂಡರ್ ಬರಲ್ಲ, ಆ ಸಾಲಿನ ಜನ ಎದ್ದು ಎಲ್ಲಿಗೂ ಹೋಗೋಕಾಗಲ್ಲ. ಜೊತೆಯವಳು ಕಾರ್ಟನ್ನ ಗ್ಯಾಲಿ, ಅಂದ್ರೆ ವಿಮಾನದ ಅಡುಗೆಮೂಲೆ ಕಡೆ ಎಳ್ಕೊಂಡು ಹೋದ್ಲು, ಆ ಓಟದಲ್ಲಿ ಮೇಲಿದ್ದ ಕಾಫಿ ಫ್ಲಾಸ್ಕ್ ಬಿದ್ದು ಉರುಳ್ತು, ಯಾರೋ ಬೈದ್ರು. ಬೆಂಕಿ ಅಂದ ತಕ್ಷಣ ಕ್ರೂ ಒಳಗೆ ಕೆಲಸ ತಾನಾಗೇ ಹಂಚಿಹೋಗತ್ತೆ. ಮೊದಲು ನೋಡಿದವಳೇ ಆರಿಸೋಕೆ ನಿಲ್ಲಬೇಕು, ಇನ್ನೊಬ್ಬಳು ಇಂಟರ್‌ಫೋನ್ ಹಿಡಿದು ಕಾಕ್‌ಪಿಟ್‌ಗೆ ಏನು ಉರೀತಿದೆ, ಎಲ್ಲಿ, ಹೊಗೆ ಬಣ್ಣ ಯಾವುದು, ಜನ ಹೇಗಿದಾರೆ ಅಂತ ಬಿಡದೆ ಹೇಳ್ತಾ ಇರಬೇಕು, ಮೂರನೆಯವಳು ಸಾಮಾನು ತಂದುಕೊಡ್ತಾ ಇರಬೇಕು. ಯಾರು ಸೀನಿಯರ್, ಯಾರು ನಿನ್ನೆ ಸೇರಿದ್ದು, ಆಗ ಅದೇನೂ ಲೆಕ್ಕಕ್ಕಿಲ್ಲ. ಹೊಗೆ ಕಂಡಿದ್ದು ಇವಳಿಗೆ, ಹಾಗಾಗಿ ಆರಿಸೋಳು ಇವಳೇ.

ಬಿನ್ ಮುಚ್ಚಳವನ್ನ ಅಂಗೈಲಿ ಮುಟ್ಟೋ ಹಾಗಿಲ್ಲ, ಕೈ ಹಿಂಭಾಗದಲ್ಲಿ ಮುಟ್ಟಿ ಬಿಸಿ ನೋಡಬೇಕು. ಬಿಸಿ ಇತ್ತು. ಪೂರ್ತಿ ತೆಗೆದ್ರೆ ಗಾಳಿ ಸಿಕ್ಕಿ ಭಗ್ ಅನ್ನತ್ತೆ, ಅದಕ್ಕೆ ಸಿಲಿಂಡರ್ ಮೂತಿ ತೂರುವಷ್ಟೇ ಸಂದಿ ಮಾಡಿ ಹ್ಯಾಲಾನ್ ಅನ್ನೋ ಬೆಂಕಿ ಆರಿಸೋ ಅನಿಲ ಹೊಡೆದು ಮತ್ತೆ ಮುಚ್ಚಬೇಕು. ಅದಕ್ಕೂ ಮುಂಚೆ ತಲೆಗೆ ಹೊಗೆ ಹುಡ್ ಹಾಕ್ಕೋಬೇಕು, ಒಳಗೇ ಆಮ್ಲಜನಕ ಇರತ್ತೆ, ಸುಮಾರು ಕಾಲು ಗಂಟೆ ಬರತ್ತೆ. ಹುಡ್‌ನ ಕುತ್ತಿಗೆ ರಬ್ಬರ್ ಬಿಗಿಯಾಗಿರತ್ತೆ, ಅವಳ ಬನ್ನಿಗೆ ಸಿಕ್ಕಿಸಿದ್ದ ಹೇರ್‌ಪಿನ್‌ಗೆ ಅದು ಸಿಕ್ಕಾಕ್ಕೊಂಡು ಅರ್ಧಕ್ಕೇ ನಿಂತುಬಿಡ್ತು, ಜೊತೆಯವಳು ಹಿಂದಿನಿಂದ ಜಗ್ಗಿ ಎಳೆದಳು, ಪಿನ್ನಿನ ಜೊತೆ ಒಂದಿಷ್ಟು ಕೂದಲೂ ಬಂತು. ಒಂದು ಸಲ ಹಾಕ್ಕೊಂಡ ಮೇಲೆ ತನ್ನ ಉಸಿರು ಬಿಟ್ರೆ ಬೇರೇನೂ ಸರಿಯಾಗಿ ಕೇಳಲ್ಲ, ತಾನು ಹೇಳಿದ್ದೂ ಹೊರಗಿನವರಿಗೆ ಅರೆಬರೆ.

ಇಷ್ಟು ಹೊತ್ತಿಗೆ ಇಯರ್‌ಫೋನ್‌ನವರು ಎದ್ದಾಗಿತ್ತು. ಅವರಲ್ಲಿ ಒಬ್ಬರು ನೇರ ಬಿನ್‌ಗೇ ಕೈ ಹಾಕೋಕೆ ಬಂದ್ರು, ಲ್ಯಾಪ್‌ಟಾಪ್ ಅದರಲ್ಲಿದೆ, ಆಫೀಸ್ ಲ್ಯಾಪ್‌ಟಾಪ್. ಇವಳು ಹುಡ್ ಒಳಗಿಂದ ಇಂಗ್ಲಿಷಲ್ಲಿ ಕೂಗಿದ್ಲು, ಹಿಂದೀಲಿ ಕೂಗಿದ್ಲು, ಮನುಷ್ಯ ಕದಲಲಿಲ್ಲ. ಕೊನೆಗೆ ಅವಳ ಬಾಯಿಂದ ತಾನಾಗೇ "ಕೂತ್ಕೊಳ್ರೀ!" ಅಂತ ಬಂತು. ಆತ ಪಟ್ಟಂತ ಕೂತರಂತೆ, ಕೂತು "ಸಾರಿ ಮೇಡಂ" ಅಂದ್ರಂತೆ. ಕನ್ನಡದವರೋ, ಸ್ವರಕ್ಕೆ ಹೆದರಿದ್ರೋ, ಇವಳಿಗೂ ಗೊತ್ತಿಲ್ಲ.

ಹ್ಯಾಲಾನ್ ಹೊಡೆದ ಮೇಲೆ ಜ್ವಾಲೆ ಹೋಯ್ತು. ಮುಗೀತು ಅಂದ್ಕೊಂಡ್ರೆ ಅಲ್ಲೇ ಕೆಡೋದು. ಉರೀತಿದ್ದಿದ್ದು ಪವರ್ ಬ್ಯಾಂಕ್. ಅದರೊಳಗೆ ಒಂದಲ್ಲ ಹಲವು ಸೆಲ್ ಇರತ್ತೆ, ಒಂದು ಕೆಟ್ಟು ಕಾದ್ರೆ ಆ ಕಾವಿಗೆ ಪಕ್ಕದ್ದೂ ಹೊತ್ಕೊಳತ್ತೆ, ಅದರ ಕಾವಿಗೆ ಅದರ ಪಕ್ಕದ್ದು. ಹ್ಯಾಲಾನ್ ಬೆಂಕಿಯನ್ನ ಹೊಡೆಯತ್ತೆ, ಕಾವನ್ನ ತಣಿಸಲ್ಲ. ತಣಿಸೋದು ನೀರು. ಎಲೆಕ್ಟ್ರಿಕ್ ಸಾಮಾನಿಗೆ ನೀರು ಹಾಕಬಾರದು ಅಂತ ನಾವು ಶಾಲೆಯಿಂದ ಕಲಿತಿರೋದು ಇಲ್ಲಿ ಉಲ್ಟಾ, ನೀರಿಲ್ಲದಿದ್ರೆ ಜ್ಯೂಸಾದ್ರೂ ಸರಿ, ಆಲ್ಕೋಹಾಲ್ ಇಲ್ಲದ ಯಾವುದಾದ್ರೂ. ಐಸ್ ಮಾತ್ರ ಕೂಡದು, ಅದು ಮೇಲೆ ಹೊದಿಕೆ ಥರ ಕೂತು ಕಾವನ್ನ ಒಳಗೇ ಹಿಡಿದಿಡತ್ತೆ. ಕಾರ್ಟ್‌ನಲ್ಲಿದ್ದ ಬಾಟಲಿಗಳನ್ನೆಲ್ಲ ಒಂದಾದ ಮೇಲೊಂದು ಸುರಿದ್ರು. ಸುರಿದು ಸ್ವಲ್ಪ ಹೊತ್ತು ತಣ್ಣಗಿತ್ತು, ಆಮೇಲೆ ಪಟ್ ಅಂತ ಇನ್ನೊಂದು ಸೆಲ್ ಸಿಡೀತು, ಮತ್ತೆ ಹ್ಯಾಲಾನ್, ಮತ್ತೆ ನೀರು. ಆ ಸಾಲಿನವರನ್ನ ದೂರ ಕಳಿಸಿ, ಖಾಲಿ ಸೀಟಿಲ್ಲದ ವಿಮಾನದಲ್ಲಿ ಅವರನ್ನ ಎಲ್ಲಿ ಕೂರಿಸಿದ್ರು ಅಂದ್ರೆ ಮಕ್ಕಳನ್ನ ತೊಡೆ ಮೇಲೆ, ದೊಡ್ಡವರನ್ನ ಇಬ್ಬರ ಜಾಗದಲ್ಲಿ ಮೂವರು, ಒದ್ದೆ ಬಟ್ಟೆ ಮೂಗಿಗೆ ಹಿಡಿದು ತಲೆ ತಗ್ಗಿಸಿ ಕೂತ್ಕೊಳಿ ಅಂತ. ಲ್ಯಾಂಡಿಂಗ್‌ಗೆ ತಾವೂ ಕೂರೋ ತನಕ ಒಬ್ಬಳು ಸಿಲಿಂಡರ್ ಹಿಡ್ಕೊಂಡು ಆ ಬಿನ್ ಕೆಳಗೇ ಕಾವಲು.

ಕ್ಯಾಪ್ಟನ್ ಆಗಲೇ ನಾಗಪುರಕ್ಕೆ ತಿರುಗಿಸಿದ್ರು. ಕಾಕ್‌ಪಿಟ್‌ನಿಂದ ಹಿರಿಯಳಿಗೆ ಬರೋ ಸುದ್ದಿ ನಾಲ್ಕೇ ವಿಷಯ: ಏನಾಗಿದೆ, ಏನು ಮಾಡ್ತೀವಿ, ಎಷ್ಟು ನಿಮಿಷ ಇದೆ, ವಿಶೇಷವಾಗಿ ಏನಾದ್ರೂ ಇದ್ಯಾ. ಕೇಳಿದವಳು ಅದನ್ನ ವಾಪಸ್ ಒಪ್ಪಿಸಬೇಕು, ಮಗ್ಗಿ ಒಪ್ಪಿಸಿದ ಹಾಗೆ. ನಾಗಪುರದಲ್ಲಿ ಇಳಿದ ಮೇಲೆ ಸ್ಲೈಡ್ ಬಿಚ್ಚಲಿಲ್ಲ, ಫೈರ್ ಇಂಜಿನ್‌ಗಳು ಸುತ್ತುವರಿದಿದ್ವು, ಬೆಂಕಿ ಹತೋಟೀಲಿತ್ತು, ಮೆಟ್ಟಿಲಲ್ಲೇ ಇಳಿಸಿದ್ರು. ಸ್ಲೈಡ್ ಅಂದ್ರೆ ನಮಗೆ ಪಾರ್ಕಿನ ಜಾರುಬಂಡೆ ನೆನಪಾಗತ್ತೆ, ಅದು ಒಂದು ಮಹಡಿ ಎತ್ತರದ ಇಳಿಜಾರು, ಕಾಲು ಮುರ್ಕೊಂಡವರು, ಮೊಣಕೈ ಸುಟ್ಕೊಂಡವರು ಬೇಕಾದಷ್ಟಿದಾರೆ. ಹಾರಿಸಬೇಕಾ ಬೇಡವಾ ಅನ್ನೋದನ್ನ ನಿರ್ಧಾರ ಮಾಡೋದೂ ಒಂದು ಕೆಲಸ, ಯಾರ ಕಣ್ಣಿಗೂ ಬೀಳದ ಕೆಲಸ. ಇಳಿದವರಲ್ಲಿ ಒಬ್ಬರು ಊಟ ಬರಲಿಲ್ಲ ಅಂದ್ರು, ಇನ್ನೊಬ್ಬರು ಸೂಟು ಒದ್ದೆಯಾಗಿದೆ ಡ್ರೈ ಕ್ಲೀನಿಂಗ್ ಯಾರು ಕೊಡ್ತಾರೆ ಅಂದ್ರು. ಒಬ್ಬ ಹೆಂಗಸು ಮಾತ್ರ ಏನೂ ಹೇಳದೆ ಇವಳ ಕೆನ್ನೆ ಮುಟ್ಟಿ ಹೋದ್ರಂತೆ.

ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಲ್ಲಿ ಹಾಕಬೇಡಿ, ಕೈಯಲ್ಲೇ ಇಟ್ಕೊಳಿ ಅಂತ ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಕೌಂಟರ್‌ನವರು ಹೇಳಿದಾಗ ಎಷ್ಟು ಜನ ಮುಖ ಸಿಂಡರಿಸ್ತಾರೆ ನೋಡಿ. ಅಪಾಯದ ಸಾಮಾನಾದ್ರೆ ಒಳಗೆ ಯಾಕೆ ಬಿಡ್ತೀರಿ ಅಂತ ವಾದ ಬೇರೆ. ಒಳಗೆ ಬಿಡೋದೇ ಅದಕ್ಕೆ. ಕೆಳಗೆ ಲಗೇಜ್ ತುಂಬೋ ಹೊಟ್ಟೇಲಿ ಹೊತ್ಕೊಂಡ್ರೆ ಸುರಿಯೋಕೆ ಅಲ್ಲಿ ಯಾರೂ ಇರಲ್ಲ, ಮೇಲಾದ್ರೆ ನಾಲ್ಕು ಜನ ಇದಾರೆ. 2025ರ ಜನವರೀಲಿ ದಕ್ಷಿಣ ಕೊರಿಯಾದ ಗಿಮ್ಹೇಲಿ ಏರ್ ಬುಸಾನ್ ವಿಮಾನ ಹೊರಡೋ ಮುಂಚೆಯೇ ಮೇಲಿನ ಬಿನ್‌ನಿಂದ ಬೆಂಕಿ ಹತ್ತಿ ಚಾವಣಿ ಪೂರ್ತಿ ಸುಟ್ಟುಹೋಯ್ತು, ಪವರ್ ಬ್ಯಾಂಕೇ ಕಾರಣ ಇರಬಹುದು ಅಂತ ತನಿಖೆಯವರು ಹೇಳಿದ್ರು, 176 ಜನಾನೂ ಹೊರಗೆ ಬಂದ್ರು. ಅದಾದ ಮೇಲೆ ಮಾರ್ಚ್‌ನಿಂದ ಆ ದೇಶದಲ್ಲಿ ಪವರ್ ಬ್ಯಾಂಕ್ ಬಿನ್‌ಗೆ ಹಾಕೋ ಹಾಗಿಲ್ಲ, ಕಣ್ಣೆದುರೇ ಇಟ್ಕೋಬೇಕು. ನಮ್ಮ ಎಸ್‌ಪಿ ರೋಡಲ್ಲಿ ಸಿಗೋ ಹೆಸರಿಲ್ಲದ ಪವರ್ ಬ್ಯಾಂಕ್‌ಗಳನ್ನ ನೆನೆಸ್ಕೊಂಡ್ರೆ ನನಗೆ ಬೆವರು ಬರತ್ತೆ.

ಅಂದಹಾಗೆ, ಸಿಗರೇಟ್ ನಿಷೇಧ ಇರೋ ವಿಮಾನದ ಟಾಯ್ಲೆಟ್‌ನಲ್ಲಿ ಇವತ್ತಿಗೂ ಆಶ್‌ಟ್ರೇ ಯಾಕಿದೆ ಅಂತ ಯೋಚನೆ ಮಾಡಿದೀರಾ? ನಿಷೇಧ ಅಂದ್ರೂ ಸೇದೋನು ಸೇದ್ತಾನೆ, ಸೇದಿ ತುಂಡನ್ನ ಟಿಶ್ಯೂ ಡಬ್ಬಕ್ಕೆ ಹಾಕೋ ಬದಲು ಇಲ್ಲಾದ್ರೂ ಹಾಕಲಿ ಅಂತ, ನಿಯಮದಲ್ಲೇ ಕಡ್ಡಾಯ. ಮನುಷ್ಯನ ಬಗ್ಗೆ ಇಷ್ಟು ವಾಸ್ತವವಾಗಿ ಯೋಚನೆ ಮಾಡಿದ ನಿಯಮ ನಾನು ಬೇರೆಲ್ಲೂ ನೋಡಿಲ್ಲ. 1983ರ ಜೂನ್ 2ರಂದು ಏರ್ ಕೆನಡಾ ವಿಮಾನದಲ್ಲಿ ಹಿಂದಿನ ಟಾಯ್ಲೆಟ್ ಹತ್ರ ಶುರುವಾದ ಬೆಂಕಿ ಗೋಡೆಯ ಹಿಂದೆ ಹಬ್ಬಿತ್ತು. ವಿಮಾನ ಸಿನ್ಸಿನಾಟಿ ಹತ್ರ ಸುರಕ್ಷಿತವಾಗೇ ಇಳೀತು, ಬಾಗಿಲು ತೆಗೆದ್ರು, ಹೊಸ ಗಾಳಿ ಒಳಗೆ ನುಗ್ಗಿ ಒಂದೂವರೆ ನಿಮಿಷದೊಳಗೆ ಇಡೀ ಕ್ಯಾಬಿನ್ ಹೊತ್ಕೊಂಡ್ತು. 46 ಜನರಲ್ಲಿ 23 ಜನ ಬರಲೇ ಇಲ್ಲ. ಟಾಯ್ಲೆಟ್‌ನಲ್ಲಿ ಸ್ಮೋಕ್ ಡಿಟೆಕ್ಟರ್ ಬಂದಿದ್ದು ಅದರ ನಂತರ. ಕ್ರೂ ಪದೇ ಪದೇ ಟಾಯ್ಲೆಟ್ ಬಾಗಿಲು ತೆಗೆದು ನೋಡೋದು ಸಾಬೂನು ಇದ್ಯಾ ಅಂತ ಮಾತ್ರ ಅಲ್ಲ.

ಬೆಂಕಿ ಬಿಟ್ರೆ ಗಾಳಿ. ಮಾಸ್ಕ್ ಕೆಳಗೆ ಬೀಳೋ ಡೆಮೋನ ನಾವು ಎಷ್ಟು ಸಲ ನೋಡಿದೀವೋ ಅಷ್ಟೂ ಸಲ ನೋಡಿಲ್ಲ. 2018ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸೌತ್‌ವೆಸ್ಟ್ ವಿಮಾನದ ಇಂಜಿನ್ ಚೂರಾಗಿ ಕಿಟಕಿ ಒಡೆದಾಗ ಪ್ರಯಾಣಿಕರು ತೆಗೆದ ಫೋಟೋಗಳು ಎಲ್ಲಾ ಕಡೆ ಓಡಾಡಿದ್ವು, ಅದರಲ್ಲಿ ಸಾಲುಸಾಲು ಜನ ಮಾಸ್ಕನ್ನ ಬಾಯಿಗೆ ಮಾತ್ರ ಹಾಕ್ಕೊಂಡು ಮೂಗು ಹೊರಗೆ ಬಿಟ್ಟಿದ್ರು. ಕೊರೊನಾಗೆ ಎರಡು ವರ್ಷ ಮುಂಚಿನ ಮಾತು! 35,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಹೋದ್ರೆ ಬುದ್ಧಿ ನೆಟ್ಟಗೆ ಕೆಲಸ ಮಾಡೋದು ಅರ್ಧದಿಂದ ಒಂದು ನಿಮಿಷ. ಅಷ್ಟರೊಳಗೆ ಮಾಸ್ಕ್ ಎಳೀಬೇಕು, ಸುಮ್ನೆ ಹಿಡ್ಕೊಂಡ್ರೆ ಸಾಲದು, ಎಳೆದ್ರೇನೇ ಮೇಲಿರೋ ರಾಸಾಯನಿಕದ ಡಬ್ಬಿ ಚಾಲೂ ಆಗಿ ಆಮ್ಲಜನಕ ಹುಟ್ಟತ್ತೆ. ಡಬ್ಬಿ ಕಾಯತ್ತೆ, ಸುಟ್ಟ ವಾಸನೆ ಬರತ್ತೆ, ಚೀಲ ಉಬ್ಬದೇನೂ ಇರಬಹುದು, ಆಗ ಜನ ಇದು ಕೆಟ್ಟಿದೆ ಅಂತ ಕಿತ್ತು ಬಿಸಾಕ್ತಾರೆ. ಹನ್ನೆರಡು ಹದಿನೈದು ನಿಮಿಷಕ್ಕೆ ಮುಗಿಯತ್ತೆ, ಸಾಕು, ಅಷ್ಟರಲ್ಲಿ ಪೈಲಟ್ 10,000 ಅಡಿಗೆ ಇಳಿಸಿರ್ತಾರೆ. ಆ ಇಳಿತವೇ ವಿಮಾನ ಬೀಳ್ತಿದೆ ಅನ್ನಿಸೋ ಹಾಗಿರತ್ತೆ. ನಿಮ್ಮದು ಮೊದಲು ಹಾಕ್ಕೊಂಡು ಆಮೇಲೆ ಮಗುಗೆ ಹಾಕಿ ಅನ್ನೋದನ್ನ ಒಪ್ಪೋಕೆ ಯಾವ ತಾಯಿಗೂ ಕಷ್ಟ, ನನ್ನ ಹೆಂಡತಿ ಇವತ್ತಿಗೂ ಒಪ್ಪಲ್ಲ. ಮಗುಗೆ ಹಾಕೋ ಗಡಿಬಿಡೀಲಿ ನೀನು ಎಚ್ಚರ ತಪ್ಪಿದ್ರೆ ನಿನಗೆ ಯಾರೇ ಹಾಕ್ತಾರೆ ಅಂತ ಕೇಳಿದ್ರೆ "ನೀವಿರ್ತೀರಲ್ಲ" ಅಂತಾಳೆ. ಕ್ರೂಗೂ ಇದೇ ನಿಯಮ, ಯಾರೇ ಒದ್ದಾಡ್ತಿರಲಿ ಹತ್ತಿರದ ಮಾಸ್ಕ್ ಮೊದಲು ತನ್ನ ಮುಖಕ್ಕೆ, ಖಾಲಿ ಸೀಟಿಲ್ಲದಿದ್ರೆ ಪ್ರಯಾಣಿಕರ ತೊಡೆ ಮೇಲಾದ್ರೂ ಸರಿ ಕೂರಬೇಕು, ಇಲ್ಲಾಂದ್ರೆ ಚಾವಣಿಗೆ ಹೋಗಿ ಬಡೀತಾರೆ.

1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ ವಿಮಾನದಲ್ಲಿ ಆಗಿದ್ದನ್ನ ಅವಳು ಹೇಳಿದಾಗ ನಾನು ನಂಬಿರ್ಲಿಲ್ಲ, ಆಮೇಲೆ ಓದಿ ನೋಡಿದೆ, ನಿಜ. ಕಾಕ್‌ಪಿಟ್‌ನ ಗಾಜಿಗೆ ಹಾಕಿದ್ದ ಬೋಲ್ಟ್‌ಗಳು ಅಳತೇಲಿ ಒಂಚೂರು ಚಿಕ್ಕವು, ಮೇಲೆ ಹೋದಾಗ ಗಾಜೇ ಕಿತ್ತು ಹೋಯ್ತು, ಕ್ಯಾಪ್ಟನ್ ಸೊಂಟದ ತನಕ ಹೊರಗೆ. ಒಳಗೆ ಬಂದಿದ್ದ ಸ್ಟುವರ್ಡ್ ನೈಜಲ್ ಆಗ್ಡನ್, ಕ್ಯಾಪ್ಟನ್ ಕಾಲು ಹಿಡ್ಕೊಂಡ್ರು. ಕೈ ಮರಗಟ್ಟಿದಾಗ ಇನ್ನಿಬ್ಬರು ಕ್ರೂ ಬಂದು ಹಿಡ್ಕೊಂಡ್ರು. ಕ್ಯಾಪ್ಟನ್ ಸತ್ತೇಹೋಗಿದಾರೆ ಅಂತ ಎಲ್ಲರೂ ಅಂದ್ಕೊಂಡಿದ್ರು, ಆದ್ರೂ ಬಿಡಲಿಲ್ಲ, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸೋ ತನಕ ಬಿಡಲಿಲ್ಲ. ಕ್ಯಾಪ್ಟನ್ ಬದುಕಿದ್ರು, ಕೆಲವೇ ತಿಂಗಳಲ್ಲಿ ಮತ್ತೆ ವಿಮಾನ ಹಾರಿಸಿದ್ರು. ಕಾಲು ಹಿಡ್ಕೊಂಡವರು ಅದಕ್ಕೆ ಕೆಲವೇ ನಿಮಿಷ ಮುಂಚೆ ಟೀ ಕೊಡ್ತಿದ್ದೋರು.

ಇಲ್ಲೇ ನನಗೆ ತಕರಾರಿರೋದು. ಎರಡು ಗಂಟೆ ಕಾಲ ಆ ಹುಡುಗಿಯನ್ನ ನಾವು ಚಿಟಿಕೆ ಹೊಡೆದು ಕರೀತೀವಿ, ಕಾಲ್ ಬಟನ್ ಒತ್ತಿ ಕಸ ಕೊಡ್ತೀವಿ, ಇಳಿಯೋವಾಗ ಅವಳು ಕೈ ಮುಗಿದ್ರೆ ಫೋನ್ ನೋಡ್ಕೊಂಡು ದಾಟಿ ಹೋಗ್ತೀವಿ. ಕಂಪನಿಗಳೂ ಅದನ್ನೇ ಮಾರೋದು, ಜಾಹೀರಾತಲ್ಲಿ ನಗು, ಫೀಡ್‌ಬ್ಯಾಕ್ ಫಾರಂನಲ್ಲಿ ನಗು ಹೇಗಿತ್ತು ಅಂತ ಪ್ರಶ್ನೆ. ಬಾಗಿಲು ಎಷ್ಟು ಸೆಕೆಂಡಲ್ಲಿ ತೆಗೀತಾಳೆ ಅಂತ ಎಲ್ಲೂ ಬರಿಯಲ್ಲ, ಬರೆದ್ರೆ ಟಿಕೆಟ್ ಖರ್ಚಾಗಲ್ವೇನೋ. ಎರಡು ಗಂಟೆ ಹೀಗೆ ನಡ್ಕೊಂಡ ಜನ, ಮರುಕ್ಷಣ ಅವಳು ಏಳು ಅಂದ್ರೆ ಏಳಬೇಕು, ಬಿಡು ಅಂದ್ರೆ ಬಿಡಬೇಕು. ಹೇಗೆ ಸಾಧ್ಯ? ಆ ಅಧಿಕಾರ ಅವಳಿಗೆ ಎಲ್ಲಿಂದ ಬರಬೇಕು? ಅವಳ ಹತ್ರ ಇರೋದು ಒಂದು ಗಂಟಲು ಅಷ್ಟೆ.

ಟೋಕಿಯೋದ ಹನೇಡಾದಲ್ಲಿ ಆಗಿದ್ದು ಅದಕ್ಕೇ ಅಷ್ಟು ದೊಡ್ಡ ವಿಷಯ. 2024ರ ಜನವರಿ 2, ಇಳೀತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಡಿಕ್ಕಿ ಹೊಡೀತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಹೋದ್ರು. ದೊಡ್ಡ ವಿಮಾನ ಉರೀತಾ ನಿಂತ್ಕೊಂಡ್ತು, ಒಳಗೆ 367 ಪ್ರಯಾಣಿಕರು, 12 ಸಿಬ್ಬಂದಿ. ಅನೌನ್ಸ್‌ಮೆಂಟ್ ವ್ಯವಸ್ಥೆ ಸತ್ತಿತ್ತು, ಕ್ರೂ ಮೆಗಾಫೋನ್ ಹಿಡಿದೂ ಕೂಗಿದ್ರು, ಬರೀ ಬಾಯಲ್ಲೂ ಕೂಗಿದ್ರು. ಎಂಟು ಬಾಗಿಲಲ್ಲಿ ಬೆಂಕಿ ಇಲ್ಲದ ಮೂರನ್ನ ಮಾತ್ರ ತೆಗೆದ್ರು, ಉಳಿದವನ್ನ ಕಿಟಕೀಲಿ ನೋಡಿ ತೆಗೀಲಿಲ್ಲ. ಇಳಿಯೋವಾಗ ಕಿಟಕಿ ಶೇಡ್ ತೆಗೀರಿ ಅಂತ ನಮ್ಮನ್ನ ಪೀಡಿಸೋದು ಈ ನೋಟಕ್ಕಾಗಿಯೇ. ಜನ ಬ್ಯಾಗ್ ಬಿಟ್ಟು ಬಂದ್ರು. ಎಲ್ಲರೂ, 379 ಜನಾನೂ, ಬದುಕಿದ್ರು. ಕ್ರೂ ಚೆನ್ನಾಗಿ ಕೂಗಿದ್ರು ಅನ್ನೋದು ಅರ್ಧ ಮಾತು, ಜನ ಕೇಳಿದ್ರು ಅನ್ನೋದು ಇನ್ನರ್ಧ.

ನಮ್ಮೂರಲ್ಲೂ ಆಗಿದೆ, ಜನಕ್ಕೆ ಮರೆತುಹೋಗಿದೆ ಅಷ್ಟೆ. ಅದೇ 2024ರ ಮೇ 18ರ ರಾತ್ರಿ, ಬೆಂಗಳೂರಿಂದ ಕೊಚ್ಚಿಗೆ ಹೊರಟ ವಿಮಾನದ ಇಂಜಿನ್‌ನಲ್ಲಿ ಬೆಂಕಿ ಕಾಣಿಸಿ ವಾಪಸ್ ಬಂದು ಇಳೀತು, 179 ಪ್ರಯಾಣಿಕರನ್ನ ಸ್ಲೈಡ್ ಮೇಲೆ ಇಳಿಸಿದ್ರು, ಜೊತೆಗೆ ಆರು ಜನ ಕ್ರೂ. ಮಾರನೇ ದಿನ ಟೀವೀಲಿ ಒಂದು ಸುತ್ತು ಬಂತು, ಮುಗೀತು. ಯಾರೂ ಸಾಯದಿದ್ರೆ ಅದು ಸುದ್ದಿ ಅಲ್ಲ. ಸತ್ತಿದ್ದು ಮಾತ್ರ ನೆನಪಿರತ್ತೆ, 1990ರ ಫೆಬ್ರವರಿ 14, ಬಾಂಬೆಯಿಂದ ಬಂದ ಹೊಚ್ಚ ಹೊಸ ಎ320 ಎಚ್‌ಎಎಲ್ ರನ್‌ವೇ ಮುಟ್ಟೋಕೆ ಮುಂಚೆ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡೀತು. 146 ಜನರಲ್ಲಿ 92 ಜನ ಹೋದ್ರು. ನಾನಾಗ ಸ್ಕೂಲು, ಪೇಪರಿನ ಮೊದಲ ಪುಟವನ್ನ ಅಪ್ಪ ನಮ್ಮ ಕೈಗೆ ಸಿಗದ ಹಾಗೆ ಮಡಚಿಟ್ಟಿದ್ದು ನೆನಪಿದೆ. ಉಳಿದ 54 ಜನ ಉರಿಯೋ ವಿಮಾನದಿಂದ ಹೊರಗೆ ಬಂದವರು, ಅವರ ಲೆಕ್ಕ ಯಾರೂ ಹೇಳಲ್ಲ.

ಭಾಷೆ ವಿಷಯಕ್ಕೂ ಬರ್ತೀನಿ. ಈಗ ಬೆಂಗಳೂರಿಂದ ಹೊರಡೋ ಕೆಲವು ವಿಮಾನದಲ್ಲಿ ಕನ್ನಡದಲ್ಲಿ ಸ್ವಾಗತ ಹೇಳ್ತಾರೆ, ಹವಾಮಾನ ಹೇಳ್ತಾರೆ, ಖುಷಿ. ಆದ್ರೆ ಎಮರ್ಜೆನ್ಸಿ ಕೂಗು ಇಂಗ್ಲಿಷ್, ಆಮೇಲೆ ಹಿಂದಿ. ಮೊದಲ ಸಲ ವಿಮಾನ ಹತ್ತಿದ ಚನ್ನರಾಯಪಟ್ಟಣದ ರೈತರು, ಕಾಶಿಗೆ ಹೊರಟ ಗುಂಪಿನ ಅಜ್ಜಿಯರು, ದುಬೈಗೆ ಕೆಲಸಕ್ಕೆ ಹೋಗ್ತಿರೋ ಹುಡುಗರು, ಇವರಿಗೆ ಆ 90 ಸೆಕೆಂಡಲ್ಲಿ ಏನು ತಲುಪತ್ತೆ? ಸ್ವರ, ಕೈಸನ್ನೆ ಸಾಕು ಅಂತಾರೆ, ಇರಬಹುದು. ಆದ್ರೆ ಕಲ್ಲಾಗಿ ಕೂತೋರನ್ನ ಎಬ್ಬಿಸೋಕೆ ಮನೆ ಮಾತಿಗಿಂತ ದೊಡ್ಡ ಕೋಲಿಲ್ಲ ಅಂತ ಆ ಲ್ಯಾಪ್‌ಟಾಪ್ ಮನುಷ್ಯನ ಕಥೆ ಕೇಳಿದ ಮೇಲೆ ನನ್ನ ಅಭಿಪ್ರಾಯ. ಬೆಂಗಳೂರು ಬೇಸ್ ಕ್ರೂಗೆ ನಾಲ್ಕು ಸಾಲು ಕನ್ನಡ ಕೂಗು ಕಲಿಸೋಕೆ ಯಾರ ಗಂಟು ಹೋಗತ್ತೆ?

ಇವಳು ಇದನ್ನ ಗಂಭೀರವಾಗಿ ತಗೊಂಡು ಹೋದ ಭಾನುವಾರ ಅಕ್ಕನ ಮನೆ ಅಡುಗೆಮನೇಲಿ ನಿಂತು ಕನ್ನಡದಲ್ಲಿ ಪ್ರಾಕ್ಟೀಸ್ ಶುರು ಮಾಡಿದ್ಲು. "ದಯವಿಟ್ಟು ನಿಮ್ಮ ಸಾಮಾನುಗಳನ್ನು ಬಿಟ್ಟು..." ಅಂತ ಶುರು ಮಾಡಿದ ಕೂಡಲೇ ಹುರುಳಿಕಾಯಿ ನಾರು ತೆಗೀತಾ ಕೂತಿದ್ದ ಅಮ್ಮ, ಅಂದ್ರೆ ಅವಳ ಅಜ್ಜಿ, ತಲೆ ಎತ್ತಿ "ಮದುವೆ ಕರೆಯೋಕೆ ಬಂದಿದ್ಯೇನೆ?" ಅಂದ್ರು. "ಬ್ಯಾಗ್ ಬಿಡ್ರೀ, ಏಳ್ರೀ, ಬನ್ರೀ, ಅಷ್ಟು ಸಾಕು, ಯಾಕೆ ಏಳಲ್ಲ ನೋಡ್ತೀನಿ." ಎದುರುಮನೆ ಕರ್ಟನ್ ಮತ್ತೆ ಸರೀತು, ಅಮ್ಮನ ಗಂಟಲು ಹಾಗಿದೆ.

ಆಮೇಲೆ ಅಮ್ಮನಿಗೇ ಯೋಚನೆ ಹತ್ತಿತು. "ಅಲ್ಲ ಕಣೆ, ನನ್ನ ಬ್ಯಾಗಲ್ಲಿ ಬಿಪಿ ಮಾತ್ರೆ, ಕನ್ನಡಕ, ಮನೆ ಬೀಗದ ಕೈ ಎಲ್ಲಾ ಇರತ್ತಲ್ಲ?"

"ಬಿಡ್ಬೇಕು ಅಜ್ಜಿ. ಮಾತ್ರೆ ಬೇಕಾದ್ರೆ ಹತ್ತೋವಾಗಲೇ ಸೊಂಟದ ಸಂಚೀಲಿ ಇಟ್ಕೋ."

"ಆ ಜಾರುಬಂಡೆ ಮೇಲಿಂದ ನಾನು ಹಾರಲ್ಲಪ್ಪ."

"ಹಾರದಿದ್ರೆ ತಳ್ತೀನಿ."

"ಅಜ್ಜೀನ ತಳ್ತೀಯಾ?"

"ಹೂಂ, ತಳ್ತೀನಿ. ನಮಗೆ ಹಾಗೇ ಹೇಳಿಕೊಟ್ಟಿರೋದು, ಬಾಗಿಲಲ್ಲಿ ನಿಂತು ಯೋಚನೆ ಮಾಡೋರನ್ನ ಹಿಂದಿನಿಂದ ತಳ್ಳಿ ಅಂತ."

ಅಮ್ಮ ಹುರುಳಿಕಾಯಿ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಅವಳನ್ನೇ ನೋಡಿ, "ಸೀರೆ ಸರಿ ಮಾಡ್ಕೊಳೋಕಾದ್ರೂ ಟೈಮ್ ಕೊಡೇ" ಅಂದ್ರು.

"ಕೊಡಲ್ಲ" ಅಂದ್ಲು ಇವಳು.